ಶಾಪದ ಕಲ್ಲು, ಏಟಿನ ಕಲ್ಲು

ನಾನಿರುವ ಆಕ್ಸ್‌ಫರ್ಡ್‌ನಲ್ಲಿ ಪ್ರತಿವರ್ಷ ಯೇಸುವಿನ ಸ್ವರ್ಗಾರೋಹಣದ ಗುರುವಾರ ಸೇಂಟ್ ಮೈಕಲ್ ಚರ್ಚಿನವರು ಕೋಲು ಹಿಡಿದು ತಮ್ಮ ಪ್ಯಾರಿಷ್‌ನ, ಅಂದರೆ ಆ ಚರ್ಚಿಗೆ ಸೇರಿದ ಪ್ರದೇಶದ, ಎಲ್ಲೆ ಸುತ್ತುತ್ತಾರೆ. ಗಡಿಗಲ್ಲು ಅಂಗಡಿಯೊಳಗೆ ಸೇರಿಹೋಗಿದ್ದರೆ ಅಂಗಡಿಗೇ ನುಗ್ಗಿ ಬಡಿದು ಬರುತ್ತಾರೆ. ಹಿಂದಿನ ಕಾಲದಲ್ಲಿ ಏಟು ಹುಡುಗರಿಗೂ ಬೀಳುತ್ತಿತ್ತು. ನಕ್ಷೆಗಳು ಅಪರೂಪವಾಗಿದ್ದಾಗ, ಪೆಟ್ಟು ತಿಂದ ಜಾಗವನ್ನು ಹುಡುಗ ಸಾಯೋತನಕ ಮರೆಯುವುದಿಲ್ಲ. ಮುಂದೆ ತಕರಾರು ಎದ್ದರೆ ಅವನೇ ಸಾಕ್ಷಿ.

ನಮ್ಮ ಹಿರಿಯರು ನೆಚ್ಚಿದ್ದು ಕಲ್ಲನ್ನು. ದತ್ತಿ ಬಿಟ್ಟ ನೆಲದ ಎಲ್ಲೆಗಳಲ್ಲಿ ಮುದ್ರೆಗಲ್ಲು ನೆಡುತ್ತಿದ್ದರು: ಶಿವಾಲಯದ ಹೊಲಕ್ಕೆ ಲಿಂಗಮುದ್ರೆ, ಬಸದಿಯದಕ್ಕೆ ಮುಕ್ಕೊಡೆ (ಜಿನನ ತಲೆಯ ಮೇಲಿನ ಮೂರು ಕೊಡೆ), ಅಗ್ರಹಾರಕ್ಕೋ ವಿಷ್ಣುವಿನ ಗುಡಿಗೋ ಸೇರಿದ್ದಾದರೆ ಕೊಡೆ, ಕಮಂಡಲು ಹಿಡಿದ ವಾಮನ. ಓದುಬರಹ ಬಾರದ ದನಗಾಹಿಗೂ ಅದು ಯಾರ ನೆಲ ಅಂತ ತಿಳಿಯುತ್ತಿತ್ತು. ಇಂಗ್ಲೆಂಡಿನ ಕಲ್ಲುಗಳ ಮೇಲೆ ಹೆಚ್ಚಾಗಿ ಪ್ಯಾರಿಷ್ ಹೆಸರಿನ ಮೊದಲಕ್ಷರಗಳು. ಈ ಜಾಣತನದಲ್ಲಿ ನಮ್ಮವರೇ ಮೇಲು.

ಶಾಪ ಹಾಕುವುದರಲ್ಲಿ ಮಾತ್ರ ಇಬ್ಬರೂ ಸಮ. ದತ್ತಿ ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿರಲಿ ಎಂದು ನಮ್ಮ ಶಾಸನಗಳು. ನರಕದಲ್ಲಿ ಯೇಸುವಿಗೆ ದ್ರೋಹ ಬಗೆದ ಜೂದಾಸನ ಜೊತೆ ಬೇಯಲಿ ಎಂದು ಇಂಗ್ಲೆಂಡಿನ ಹಳೆಯ ಆಂಗ್ಲೋ-ಸ್ಯಾಕ್ಸನ್ ದಾನಪತ್ರಗಳು. ಇನ್ನೂ ಸೋಜಿಗವೆಂದರೆ, ಗಂಗರ ಎಷ್ಟೋ ತಾಮ್ರಪಟಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿದ್ದರೂ ಎಲ್ಲೆಯ ವಿವರ ಕನ್ನಡದಲ್ಲಿರುತ್ತದೆ. ಇಲ್ಲೂ ಹಾಗೇ, ದಾನ ಲ್ಯಾಟಿನ್‌ನಲ್ಲಿ, ಎಲ್ಲೆ ಹಳೆಯ ಇಂಗ್ಲಿಷ್‌ನಲ್ಲಿ. ಹಳ್ಳ, ಮರ, ದಿಬ್ಬ ಗುರುತಿಸಿ ತೋರಿಸುವವನು ಊರಿನವನೇ ತಾನೇ!

ಆದರೆ ನಮ್ಮ ಮುದ್ರೆಗಲ್ಲು ಕಾಯುತ್ತಿದ್ದದ್ದು ದೇವರ, ಬ್ರಾಹ್ಮಣರ, ಬಸದಿಯ ನೆಲವನ್ನು. ಬಡ ರೈತನ ಬದು ಒತ್ತಿದವನಿಗೆ ಯಾವ ಹುಳುವಿನ ಜನ್ಮವೂ ಇರಲಿಲ್ಲವೇನೋ. ಇಂಗ್ಲೆಂಡಿನವರ ನಡಿಗೆ ಇಡೀ ಪ್ಯಾರಿಷ್‌ನದು. ಅದೂ ಬರೀ ಭಕ್ತಿಯಲ್ಲ. 1601ರ ಬಡವರ ಕಾಯಿದೆಯ ನಂತರವಂತೂ ಯಾವ ಬಡವನನ್ನು ಯಾವ ಪ್ಯಾರಿಷ್ ಸಾಕಬೇಕು ಅನ್ನೋ ದುಡ್ಡಿನ ಲೆಕ್ಕ ಅದರಲ್ಲಿತ್ತು. ಏನೇ ಇರಲಿ, ಎಲ್ಲೆ ಊರವರ ಕಾಲಿನಲ್ಲಿ ಉಳಿಯಿತು. ನಮ್ಮ ಕಡೆ ಎಷ್ಟೋ ಕಡೆ ವಾಮನ ಬಟ್ಟೆ ಒಗೆಯುವ ಕಲ್ಲಾಗಿದ್ದಾನೆ. ಕ್ರಯಪತ್ರದಲ್ಲಿ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆಯ ವಿವರ) ಇರುತ್ತದೆ, ಹೊಲದಲ್ಲಿ ಬಾಂದು ಕಲ್ಲು ಎಲ್ಲಿದೆ ಅಂದರೆ ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿಲ್ಲ.

ಹದ್ದುಬಸ್ತಿಗೆ, ಅಂದರೆ ಹೊಲದ ಎಲ್ಲೆ ಅಳೆದು ಗುರುತಿಸಲು, ಸರ್ವೆಯರ್ ಬರುವ ದಿನವಾದರೂ ಮಕ್ಕಳನ್ನು ಜೊತೆಗೆ ಕರೆದೊಯ್ದು ನಾಲ್ಕೂ ಮೂಲೆ ತುಳಿಸಿ. ಹೊಡೆಯುವುದು ಬೇಡ, ಒಂದೊಂದು ಮೂಲೆಗೆ ಒಂದೊಂದು ಐಸ್‌ಕ್ಯಾಂಡಿ ಕೊಡಿಸಿದರೆ ಸಾಕು.