ಸ್ಪಷ್ಟನೆ: ರೋಸ್‌ವುಡ್ (ಬೀಟೆ ಮರ) ಇದ್ದರಷ್ಟೇ ಒಳ್ಳೆಯ ಗಿಟಾರ್ ಅನ್ನೋದು ನಿಜವಲ್ಲ

‘ಅಕೂಸ್ಟಿಕ್ ಗಿಟಾರ್‌ನ ಹಿಂಭಾಗ, ಪಕ್ಕಗಳು ರೋಸ್‌ವುಡ್‌ನದ್ದಾಗಿರಲೇಬೇಕು, ಇಲ್ಲದಿದ್ದರೆ ದುಡ್ಡು ದಂಡ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ನಾದ ಹುಟ್ಟುವುದು ಮುಖ್ಯವಾಗಿ ಮುಂದಿನ ಹಲಗೆಯಿಂದ. ತಂತಿಯ ಕಂಪನ ಬ್ರಿಡ್ಜ್ (ತಂತಿಗಳನ್ನು ಹಲಗೆಗೆ ಹಿಡಿದಿಡುವ ಪಟ್ಟಿ) ಮೂಲಕ ಅದಕ್ಕೇ ಇಳಿಯುತ್ತದೆ. 1862ರಲ್ಲಿ ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ ಇದನ್ನು ತೋರಿಸಲೆಂದೇ ಹಿಂಭಾಗ, ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ್ದರು! 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 52 ಗಿಟಾರ್ ವಾದಕರು ಆರು ಗಿಟಾರ್ ನುಡಿಸಿದರು. ಮುಂದಿನ ಹಲಗೆ ಒಂದೇ ಬಗೆಯದು, ಹಿಂಭಾಗ ಮತ್ತು ಪಕ್ಕಗಳ ಮರ ಮಾತ್ರ ಬೇರೆ ಬೇರೆ. ಮರ ಯಾವುದೆಂದು ಕಾಣದಂತೆ ಮಾಡಿದಾಗ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಕಣ್ಣೇ ಕಿವಿಗೆ ಮೋಸ ಮಾಡೋದು, ಅಲ್ವಾ?

ರೋಸ್‌ವುಡ್ ಕೆಟ್ಟದ್ದು ಅಂತಲ್ಲ, ನೋಡೋಕೆ ಚೆಂದವೇ. ಆದರೆ ಬಜೆಟ್ ಕಮ್ಮಿ ಇದ್ದರೆ ಮೊದಲು ಸಾಲಿಡ್ ಟಾಪ್ ನೋಡಿ, ಅಂದರೆ ಮುಂದಿನ ಹಲಗೆ ಪ್ಲೈವುಡ್ ಅಲ್ಲದೆ ಅಸಲಿ ಮರದ್ದಾಗಿರಬೇಕು. ಸೌಂಡ್‌ಹೋಲ್ (ಆ ಹಲಗೆಯಲ್ಲಿರುವ ತೂತು) ಅಂಚಿನಲ್ಲಿ ಮೇಲಿನ ಮರದ ಎಳೆಗಳು ಒಳಗೂ ಮುಂದುವರಿದಿದ್ದರೆ ಸಾಲಿಡ್. ಪದರಗಳು ಕಂಡರೆ ಪ್ಲೈವುಡ್. ತಂತಿಗಳು ತೀರಾ ಎತ್ತರದಲ್ಲಿದ್ದರೆ ಸೆಟಪ್ ಮಾಡಿಸಿ, ಅಂದರೆ ಅವುಗಳ ಎತ್ತರ ಸರಿಪಡಿಸಿಕೊಳ್ಳಿ. ಬೆರಳು ನೋಯಿಸುವ ಗಿಟಾರ್ ಎಂಥ ಮರದ್ದಾದರೂ ಮೂಲೆ ಸೇರುತ್ತದೆ.