ಗೇಟಿಗೆ ಮುಖ ಕಾಣುವುದಿಲ್ಲ

ಮದುವೆ ಜವಳಿಗೆಂದು ಊರಿಂದ ಬಂದಿದ್ದ ಚಿಗವ್ವನನ್ನು ಮೊನ್ನೆ ಪುಣೆಯ ಲಕ್ಷ್ಮೀ ರೋಡಿಗೆ ಕರೆದುಕೊಂಡು ಹೋಗಿದ್ದೆ. ಸೀರೆ, ಖಣ ಎಲ್ಲಾ ಮುಗಿದ ಮೇಲೆ ಮೊಮ್ಮಗಳಿಗೊಂದು ಫ್ರಾಕ್ ಬೇಕು ಅಂದಳು. ಹತ್ತಿರದಲ್ಲೇ ಇದ್ದ ದೊಡ್ಡ ರೆಡಿಮೇಡ್ ಅಂಗಡಿಗೆ ಹೋದೆವು. ಆರಿಸಿದೆವು, ದುಡ್ಡು ಕೊಟ್ಟೆವು, ಹೊರಟೆವು. ಬಾಗಿಲ ಹತ್ತಿರ, ದುಡ್ಡು ಕೊಡದ ಮಾಲು ದಾಟಿದರೆ ಸದ್ದು ಮಾಡುವ ಗೇಟು ಜೋರಾಗಿ ಕೂಗಿಕೊಂಡಿತು.

ಚಿಗವ್ವ ಅಲ್ಲೇ ನಿಂತುಬಿಟ್ಟಳು. ಸೆರಗು ಎಳೆದುಕೊಂಡು, "ನಾ ಏನೂ ತೊಗೊಂಡಿಲ್ಲೋ ತಮ್ಮಾ" ಅಂದಳು. ಅದೂ ನನಗೆ!

ಕಾವಲಿನವನು ಬಂದ. ಈಗ ಚೀಲ ಕಸಿದುಕೊಳ್ಳುತ್ತಾನೆ ಅಂತ ನಾನು ಜಗಳಕ್ಕೇ ತಯಾರಾದೆ. ಅವನು "ಆಜೀ, ಘಾಬರೂ ನಕಾ" ಅಂದ, ಅಂದರೆ ಅಜ್ಜೀ, ಹೆದರಬೇಡಿ ಅಂತ. ಟ್ಯಾಗ್ ತೆಗೆಯೋದು ನಮ್ಮವರು ಮರೆತಿದ್ದಾರೆ, ನೀವು ಕೂತ್ಕೊಳ್ಳಿ ಅಂತ ಸ್ಟೂಲ್ ತೋರಿಸಿದ. ಬಿಲ್ ಮಾಡಿದ ಹುಡುಗಿ ತಾನೇ ಎದ್ದು ಬಂದಳು. ಫ್ರಾಕಿನ ಒಳಗೆ ಉಳಿದಿದ್ದ ಬೂದು ಬಣ್ಣದ ಬಿಲ್ಲೆಯನ್ನು ತೋರಿಸಿ, ಅದನ್ನು ಕೌಂಟರಿನಲ್ಲಿ ತೆಗೆದು ಫ್ರಾಕ್ ತಂದುಕೊಟ್ಟು, ಸಾರಿ ಆಜಿ ಅಂದಳು. ಚೀಲದಲ್ಲಿದ್ದ ಬೇರೆ ಯಾವುದಕ್ಕೂ ಯಾರೂ ಕೈ ಹಾಕಲಿಲ್ಲ.

ರಿಕ್ಷಾದಲ್ಲಿ ಕೂತ ಮೇಲೆ ಚಿಗವ್ವ ಹೇಳಿದಳು: "ನಮ್ಮೂರಾಗ ಆಗಿದ್ರ ಮಂದಿ ಕೂಡಿ ಬಿಡ್ತಿದ್ರು."

ನಿಜ. ನಮ್ಮದು ಹಾವೇರಿ ಕಡೆಯ ಊರು. ಅಲ್ಲಿನ ದೊಡ್ಡ ಬಟ್ಟೆ ಅಂಗಡಿಯಲ್ಲಿ ಗೇಟಿಲ್ಲ, ಟ್ಯಾಗಿಲ್ಲ, ಏನೂ ಇಲ್ಲ. ನೋಡಿದರೆ ಎಲ್ಲಾ ನಂಬಿಕೆ ಮೇಲೆ ನಡೀತಿದೆ ಅನ್ನಿಸುತ್ತೆ. ಆದರೆ ಅಲ್ಲಿ ಒಬ್ಬ ಹುಡುಗ ಇರುತ್ತಾನೆ. ನೀವು ಒಳಗೆ ಬಂದ ತಕ್ಷಣ ಗಲ್ಲಾ ಮೇಲೆ ಕೂತವರು ಅವನ ಕಡೆ ಒಂದು ಸಲ ನೋಡುತ್ತಾರೆ. ಆಮೇಲೆ ಅವನು ನಿಮ್ಮ ಹಿಂದೆಯೇ. ಪಕ್ಕದ ರ‍್ಯಾಕಿಗೆ ಹೋದರೆ ಅಲ್ಲಿಗೆ, ಮಹಡಿ ಹತ್ತಿದರೆ ಮಹಡಿಗೆ. ಕೇಳಿದರೆ ಬಟ್ಟೆ ತೋರಿಸೋಕೆ ಅನ್ನುತ್ತಾರೆ. ತೋರಿಸುವವನು ಮುಂದೆ ನಿಲ್ಲಬೇಕಲ್ವಾ?

ಅವನು ಎಲ್ಲರ ಹಿಂದೆಯೂ ಹೋಗುವುದಿಲ್ಲ ಅನ್ನೋದೇ ನನ್ನ ಸಂಕಟ. ಮೈತುಂಬ ಬಂಗಾರ ಹಾಕಿಕೊಂಡು ಕಾರಿನಿಂದ ಇಳಿದವರಿಗೆ ಚಹಾ ಬರುತ್ತೆ. ಸಂತೆ ದಿನ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳ ಹಿಂದೆ ಹುಡುಗ ಹೋಗುತ್ತಾನೆ. ನನ್ನ ಅವ್ವ ಹೊಲದಿಂದ ನೇರವಾಗಿ ಅಂಗಡಿಗೆ ಹೋದ ದಿನ ಅವಳ ಹಿಂದೆಯೂ ಹೋಗಿದ್ದ. ಕುಬಸದ ಖಣ ತೊಗೊಂಡು ಹೊರಬರುವಾಗ ಬಾಗಿಲಲ್ಲಿ ಅವಳ ಕೈಚೀಲ ಬಿಚ್ಚಿಸಿದರು. ಒಳಗಿದ್ದದ್ದು ಬುತ್ತಿಯ ಡಬ್ಬಿ ಮತ್ತು ಎಲೆ ಅಡಿಕೆ. ಅವ್ವ ಮನೆಗೆ ಬಂದು ಅಳಲಿಲ್ಲ, ಬೈಯಲೂ ಇಲ್ಲ. ಆ ಅಂಗಡಿಗೆ ಹೋಗೋದು ಮಾತ್ರ ಬಿಟ್ಟಳು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದಕ್ಕೇ ಪುಣೆಯ ಈ ಗೇಟು ನನಗೆ ಇಷ್ಟ. ಅದಕ್ಕೆ ಮುಖ ಕಾಣುವುದಿಲ್ಲ. ಸೀರೆ ಇಳಕಲ್ಲಿಂದೋ, ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ, ಕನ್ನಡ ಮಾತಾಡುತ್ತಾರೋ ಮರಾಠಿಯೋ, ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಒಂದೇ: ಟ್ಯಾಗ್ ಇನ್ನೂ ಕೆಲಸ ಮಾಡುತ್ತಿದೆಯಾ, ಇಲ್ಲವಾ.

ನಮ್ಮ ಕಡೆ ಜಾಸ್ತಿ ಜನಕ್ಕೆ ತಿಳಿಯದ ಒಂದು ಸಂಗತಿ ಇಲ್ಲಿದೆ. ಬಾರ್‌ಕೋಡ್ ಬೇರೆ, ಕಳ್ಳತನ ತಡೆಯುವ ಟ್ಯಾಗ್ ಬೇರೆ. ಕೌಂಟರಿನಲ್ಲಿ ಕೆಂಪು ಬೆಳಕು ಬಿದ್ದು ಬೀಪ್ ಅಂದರೆ ಬಿಲ್ಲಿಗೆ ಸೇರಿತು ಅಂತ ಅರ್ಥ, ಅಷ್ಟೇ. ಟ್ಯಾಗಿಗೆ ಅದರಿಂದ ಏನೂ ಆಗುವುದಿಲ್ಲ. ಅದನ್ನು ಬೇರೆಯಾಗಿ ತೆಗೆಯಬೇಕು, ಇಲ್ಲವೇ ಕೆಡಿಸಬೇಕು.

ಬಟ್ಟೆಗೆ ಚುಚ್ಚುವ ಗಟ್ಟಿ ಬಿಲ್ಲೆಯ ಒಳಗೆ ಸಣ್ಣ ಗುಂಡುಗಳು ಪಿನ್ನನ್ನು ಹಿಡಿದುಕೊಂಡಿರುತ್ತವೆ. ಕೈಯಿಂದ ಎಳೆದಷ್ಟೂ ಅವು ಬಿಗಿಯಾಗುತ್ತವೆ. ಕೌಂಟರಿನ ಬಲವಾದ ಅಯಸ್ಕಾಂತದ ಮೇಲೆ ಇಟ್ಟರೆ ಸಡಿಲವಾಗಿ ಪಿನ್ ಕಳಚುತ್ತೆ. ಪೊಟ್ಟಣಗಳಿಗೆ ಅಂಟಿಸುವ ತೆಳು ಲೇಬಲ್ಲಿನ ಕಥೆ ಬೇರೆ. ಒಂದು ಜಾತಿಯ ಲೇಬಲ್ಲಿನಲ್ಲಿ ಲೋಹದ ತೆಳು ಪಟ್ಟಿಯೂ ಪುಟ್ಟ ಅಯಸ್ಕಾಂತವೂ ಇರುತ್ತವೆ. ಗೇಟು ಸೆಕೆಂಡಿಗೆ 58 ಸಾವಿರ ಸಲ ಅಲುಗುವ ಕಾಂತದ ಅಲೆಯನ್ನು ತುಸುತುಸು ಹೊತ್ತು ಬಿಟ್ಟು ಬಿಟ್ಟು ಕಳಿಸುತ್ತೆ. ಗೇಟು ಸುಮ್ಮನಾದ ಮೇಲೂ ಆ ಪಟ್ಟಿ ಸ್ವಲ್ಪ ಹೊತ್ತು ಅದೇ ಲಯದಲ್ಲಿ ಕಂಪಿಸುತ್ತಾ ಇರುತ್ತೆ, ಗುಡಿಯ ಗಂಟೆ ಹೊಡೆದ ಮೇಲೆ ಗುಂಯ್ ಅನ್ನುವ ಹಾಗೆ. ಗೇಟು ಹುಡುಕುವುದು ಆ ಉಳಿದ ಕಂಪನವನ್ನೇ. ಇನ್ನೊಂದು ಜಾತಿಯಲ್ಲಿ ಸುರುಳಿ ತಂತಿಯೂ ವಿದ್ಯುತ್ ಹಿಡಿದಿಡುವ ಕೆಪಾಸಿಟರೂ ಇರುತ್ತವೆ. ಅದು 8.2 ಮೆಗಾಹರ್ಟ್ಸ್ ರೇಡಿಯೋ ಅಲೆಗೆ ಓಗೊಡುತ್ತೆ. ಮೊದಲನೆಯದರಲ್ಲಿ ಒಳಗಿನ ಪುಟ್ಟ ಅಯಸ್ಕಾಂತದ ಶಕ್ತಿಯನ್ನು ಕೌಂಟರಿನಲ್ಲೇ ಇಳಿಸಿಬಿಡುತ್ತಾರೆ. ಎರಡನೆಯದರಲ್ಲಿ ಜೋರಾದ ಅಲೆ ಹಾಯಿಸಿ ಕೆಪಾಸಿಟರನ್ನು ಸುಟ್ಟು ಕೆಡಿಸುತ್ತಾರೆ.

ಬಿಲ್ ಮಾಡುವವರು ಗಡಿಬಿಡಿಯಲ್ಲಿ ಇದನ್ನು ಮರೆತರೆ ದುಡ್ಡು ಕೊಟ್ಟವರಿಗೂ ಗೇಟು ಕೂಗುತ್ತೆ. ಬೇರೆ ಅಂಗಡಿಯಲ್ಲಿ ಕೆಡಿಸದೆ ಬಿಟ್ಟ ಲೇಬಲ್ ನಿಮ್ಮ ಚೀಲದಲ್ಲಿದ್ದರೂ ಕೂಗಬಹುದು. ಅಂದರೆ ಆ ಸದ್ದು ಯಾರನ್ನೂ ಕಳ್ಳ ಅನ್ನುವುದಿಲ್ಲ. ಅಂಗಡಿಯವರು ಇದನ್ನು ತಿಳಿದುಕೊಂಡಿದ್ದರೆ ಲಕ್ಷ್ಮೀ ರೋಡಿನಲ್ಲಿ ಆದ ಹಾಗೆ ಸಲೀಸಾಗಿ ಮುಗಿಯುತ್ತೆ.

ಬೆಲೆಯ ವಿಷಯದಲ್ಲೂ ನನಗೆ ಹೀಗೇ ಅನ್ನಿಸುತ್ತೆ. ನಮ್ಮೂರ ಅಂಗಡಿಯಲ್ಲಿ ಸೀರೆಯ ಚೀಟಿ ಮೇಲೆ ನಾಲ್ಕೈದು ಅಕ್ಷರ ಬರೆದಿರುತ್ತಿದ್ದರು. ಅದು ಅವರ ಗುಟ್ಟಿನ ಲೆಕ್ಕ. ಅಸಲು ಎಷ್ಟು, ಎಲ್ಲಿವರೆಗೆ ಇಳಿಯಬಹುದು ಅಂತ ಅವರಿಗೆ ಮಾತ್ರ ಗೊತ್ತು. ಚೌಕಾಸಿ ಬಲ್ಲವರಿಗೆ ಒಂದು ಬೆಲೆ, ನಾಚಿಕೊಂಡು ಕೇಳಿದಷ್ಟು ಕೊಡುವವರಿಗೆ ಇನ್ನೊಂದು. ಚೌಕಾಸಿಯಲ್ಲಿ ಒಂದು ಖುಷಿ ಇದೆ ಅಂತ ಪುಣೆಯ ಕನ್ನಡ ಗೆಳೆಯರು ಹೇಳುತ್ತಾರೆ. ಇರಬಹುದು. ಸೋತು ಬಂದವರನ್ನು ಯಾರೂ ಕೇಳುವುದಿಲ್ಲ.

ಬಾರ್‌ಕೋಡಿನ ಗೆರೆಗಳಲ್ಲಿ ಇಂಥ ಗುಟ್ಟಿಲ್ಲ. ಕಪ್ಪು ಗೆರೆ ಬೆಳಕನ್ನು ನುಂಗುತ್ತೆ, ಬಿಳಿ ಜಾಗ ವಾಪಸ್ ಕಳಿಸುತ್ತೆ. ಸ್ಕ್ಯಾನರ್ ಅದನ್ನು ಅಂಕಿ ಮಾಡಿಕೊಳ್ಳುತ್ತೆ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮಯಾಮಿಯ ಸಮುದ್ರದಂಡೆಯಲ್ಲಿ ಕೂತು ತಂತಿ ಸುದ್ದಿ ಕಳಿಸುವ ಮೋರ್ಸ್ ಕೋಡಿನ ಚುಕ್ಕಿ, ಗೀಟುಗಳನ್ನು ಯೋಚಿಸುತ್ತಾ ಮರಳಿನಲ್ಲಿ ಬೆರಳು ಎಳೆದಾಗ ಇದು ಹೊಳೆಯಿತಂತೆ. ಅವರಿಗೂ ಬರ್ನಾರ್ಡ್ ಸಿಲ್ವರ್ ಅವರಿಗೂ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಈಗ ನಾವು ನೋಡುವ ಬಗೆಯ ಕೋಡನ್ನು ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಅದು ಚೂಯಿಂಗ್ ಗಮ್ ಪೊಟ್ಟಣ. ನಮ್ಮ ಬಿಸ್ಕತ್ತು, ಸೋಪುಗಳ ಮೇಲೆ 890ರಿಂದ ಶುರುವಾಗುವ 13 ಅಂಕಿಗಳಿರುತ್ತವೆ. ಆ ಕಂಪನಿಯ ನೋಂದಣಿ ಭಾರತದಲ್ಲಿ ಆಗಿದೆ ಅಂತ ಅದರ ಅರ್ಥ. ಬೆಲೆ ಆ ಗೆರೆಗಳಲ್ಲಿ ಇರುವುದಿಲ್ಲ, ಅಂಗಡಿಯ ಕಂಪ್ಯೂಟರಿನಲ್ಲಿರುತ್ತೆ. ಆದರೆ ಒಮ್ಮೆ ಅಲ್ಲಿ ಹಾಕಿದರೆ ಅವ್ವನಿಗೂ ಕಾರಿನವರಿಗೂ ಬಿಲ್ಲಿನಲ್ಲಿ ಅದೇ ಬರುತ್ತೆ.

ಗೇಟು ಹಾಕಿದರೆ ಕಳ್ಳರು ನಿಲ್ತಾರಾ ಅಂತ ಊರಿನವರು ಕೇಳಬಹುದು. ಪೂರ್ತಿ ನಿಲ್ಲುವುದಿಲ್ಲ. ಒಳಗೆ ಲೋಹದ ಹಾಳೆ ಹಾಕಿದ ಚೀಲದಲ್ಲಿ ಮಾಲು ಇಟ್ಟು ಗೇಟನ್ನೇ ದಾಟುವವರಿದ್ದಾರೆ. ಆದರೆ ಹಿಂದೆ ಹಿಂದೆ ಹೋಗುವ ಹುಡುಗ ಎಲ್ಲರನ್ನೂ ಹಿಡಿದಿದ್ದಾನಾ? ಅವನು ಹೆದರಿಸಿ ಕಳಿಸಿದವರಲ್ಲಿ ಕದಿಯದವರೇ ಹೆಚ್ಚು. ಗೇಟು ದುಬಾರಿ ಅನ್ನುವುದಾದರೆ ಸರಿ, ಬೇಡ. ಬಾಗಿಲಲ್ಲಿ ಬಿಲ್ ನೋಡುವುದೇ ಆದರೆ ಎಲ್ಲರದ್ದೂ ನೋಡಿ. ಬಂಗಾರದವರ ಚೀಲವನ್ನೂ ಬಿಚ್ಚಿಸಿ.

ಪುಣೆಯಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳಲಾರೆ. ಇಲ್ಲಿಯ ಕೆಲವು ಮಾಲ್‌ಗಳಲ್ಲಿ ಒಳಗೆ ಹೋಗುವಾಗಲೇ ಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಮನೆಗೆಲಸದ ಹೆಂಗಸರು ಬಂದರೆ ಕಾವಲಿನವರ ನೋಟ ಬದಲಾಗುವುದನ್ನು ಇಲ್ಲೂ ಕಂಡಿದ್ದೇನೆ. ಗೇಟು ಸದ್ದು ಮಾಡುತ್ತೆ, ಆಮೇಲೆ ಯಾರನ್ನು ಹೇಗೆ ನಿಲ್ಲಿಸಬೇಕು ಅನ್ನೋದು ಮನುಷ್ಯರ ಕೈಯಲ್ಲೇ ಇದೆ. ಆ ದಿನದ ಕಾವಲಿನವನು ಒಳ್ಳೆಯವನಾಗಿದ್ದ, ಅದನ್ನು ಪೂರಾ ಯಂತ್ರದ ಲೆಕ್ಕಕ್ಕೆ ಬರೆಯೋಕೆ ಆಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಅವ್ವನ ಚೀಲ ಬಿಚ್ಚಿಸಿದ ಅದೇ ಅಂಗಡಿಯವರು ನನ್ನ ಅಕ್ಕನ ಮದುವೆಗೆ ಜವಳಿಯನ್ನೆಲ್ಲಾ ಉದ್ರಿ ಕೊಟ್ಟಿದ್ದರು. ಗೋವಿನಜೋಳದ ದುಡ್ಡು ಬರುವವರೆಗೆ ಒಮ್ಮೆಯೂ ಆಳು ಕಳಿಸಲಿಲ್ಲ. ಪುಣೆಯ ಕೌಂಟರಿನಲ್ಲಿ ಹತ್ತು ರೂಪಾಯಿ ಕಡಿಮೆಯಾದರೂ ಒಂದು ವಸ್ತು ವಾಪಸ್ ಇಡಬೇಕು. ಇಷ್ಟು ವರ್ಷ ಇಲ್ಲಿದ್ದರೂ ನನ್ನ ಹೆಸರಿಗೆ ಉದ್ರಿ ಬರೆದುಕೊಳ್ಳುವ ಅಂಗಡಿ ಇಲ್ಲ. ಅದು ನೆನಪಾದಾಗ ಊರು ಬೇಕು ಅನ್ನಿಸುತ್ತೆ, ಸುಳ್ಳಲ್ಲ. ಆದರೆ ಆ ಉದ್ರಿ ಸಿಕ್ಕಿದ್ದು ಅಪ್ಪನ ಹೆಸರಿಗೆ, ಅಪ್ಪನ ಹೊಲಕ್ಕೆ. ನಮ್ಮ ಹೊಲದಲ್ಲೇ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳಿಗೆ ಅಲ್ಲಿ ಉದ್ರಿ ಇರಲಿಲ್ಲ, ಹಿಂದೆ ಹುಡುಗ ಮಾತ್ರ ಇದ್ದ.

ಈಗ ಅಂಗಡಿ ನೋಡಿಕೊಳ್ಳುವುದು ಹಳೇ ಮಾಲೀಕರ ಮಗ. ಕಂಪ್ಯೂಟರ್ ಬಂದಿದೆ, ಸ್ಕ್ಯಾನರ್ ಬಂದಿದೆ, ಹುಡುಗರು ಮಾತ್ರ ಹಾಗೇ ನಿಂತಿರುತ್ತಾರೆ ಅಂತ ಚಿಗವ್ವ ಹೇಳಿದಳು. ಅವನು ನನ್ನ ಜೊತೆ ಓದಿದವನು. ದೀಪಾವಳಿಗೆ ಊರಿಗೆ ಹೋದಾಗ ಇಷ್ಟನ್ನೂ ಅವನ ಮುಂದೆ ಕೂತು ಹೇಳಬೇಕು ಅಂತಿದ್ದೇನೆ.