ಗೋಡೆ ಕೆರೆಯುವ ಉಸಾಬರಿ

ಕುರ್ಚಿ ಸರಿಸುವಾಗ ಪಡಸಾಲೆಯ ಗೋಡೆಗೆ ತಾಗಿ ಅಂಗೈ ಅಗಲದ ಬಣ್ಣದ ಹಕ್ಕಳೆ ಉದುರಿತು. ನಾನು ಗುಡಿಸಿ ಹಾಕಿ ಮುಗಿಸುತ್ತಿದ್ದೆ. ಆದರೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ.

“ಮಾಮಾ, ಒಳಗ ಇಟ್ಟಂಗಿ ಅದಾವ! ಇಷ್ಟ ಚಂದ ಗೋಡಿಗೆ ಯಾಕ ಬಣ್ಣ ಹಚ್ಚೀರಿ?” ಅಂತ ಉಗುರಿನಿಂದ ಇನ್ನಷ್ಟು ಕೆರೆದ. ಬೆಂಗಳೂರಿನಲ್ಲಿ ಇಟ್ಟಂಗಿ ಕಾಣುವ ಹೋಟೆಲಿನಲ್ಲಿ ಚಹಾಕ್ಕೂ ಜಾಸ್ತಿ ರೊಕ್ಕವಂತೆ. ನಮ್ಮ ಧಾರವಾಡದ ಮಾಳಮಡ್ಡಿಯಲ್ಲಿ ಬರೀ ಇಟ್ಟಂಗಿ ಕಂಡರೆ ಮನೆ ಕಟ್ಟಿದವನ ರೊಕ್ಕ ಅರ್ಧಕ್ಕೇ ಮುಗೀತು ಅಂತ ತಿಳಿಯುತ್ತಿದ್ದರು. ಈಗ ರೊಕ್ಕ ಮುಗಿದವರ ಹಾಗೆ ಕಾಣಲಿಕ್ಕೇ ರೊಕ್ಕ ಸುರೀಬೇಕು.

ಆ ಬಣ್ಣ ನಾವು ಹಚ್ಚಿದ್ದಲ್ಲ, ದೊಡ್ಡ ಕಾಕಾ ಹಚ್ಚಿಸಿದ್ದು. ಅಜ್ಜನ ಕಾಲದಿಂದ ಆ ಗೋಡೆಗೆ ದೀಪಾವಳಿಗೊಮ್ಮೆ ಸುಣ್ಣ, ಅಷ್ಟೇ. ಒಂದು ಸಲ ಕಾಕಾ ಅವರಿಗೆ ಸುಭಾಸ ರೋಡಿನಲ್ಲಿ ಇಡೀ ಡ್ರಮ್ಮು ಆಯಿಲ್ ಪೇಂಟು ಅರ್ಧ ಬೆಲೆಗೆ ಸಿಕ್ಕಿತು. ಯಾರೋ ಕಲೆಸಲು ಹೇಳಿ, ನೋಡಿ, ಬೇಡ ಅಂತ ಬಿಟ್ಟುಹೋದದ್ದು. ಬಿಟ್ಟುಹೋದವರು ಜಾಣರು. ಅಜ್ಜಿ ಅದನ್ನು ಬೂದಿ ಬಣ್ಣ ಅಂದಳು, ಅವ್ವ ಹಸಿರು ಅಂದಳು. ಕಾಕಾ ಮಾತ್ರ “ಇದು ಇಂಗ್ಲಿಷ್ ಕಲರ್” ಅಂದರು. ಗೋಡೆ ಮುಗಿದರೂ ಬಣ್ಣ ಮುಗಿಯಲಿಲ್ಲ. ಕಿಟಕಿಯ ಸರಳು, ಟ್ರಂಕು, ತೊಟ್ಟಿಲು, ಸೈಕಲ್ಲು, ಕೊನೆಗೆ ಪಡಸಾಲೆಯ ಬಾಕು, ಅಂದರೆ ಕೂಡುವ ಬೆಂಚು.

ಅದು ಶ್ರಾವಣ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಗೆದ ಧೋತರವೇ ಒಣಗುವುದಿಲ್ಲ, ಎಣ್ಣೆ ಬಣ್ಣ ಒಣಗೀತೇ? ಮರುದಿನವೇ ಅತ್ತೆಯನ್ನು ನೋಡಲು ಗದಗಿನಿಂದ ಗಂಡಿನ ಕಡೆಯವರು ಬಂದರು. ಗಂಡಿನ ಅಪ್ಪ ಹೊಸ ಧೋತರ, ಜರಿ ರುಮಾಲಿನಲ್ಲಿ ಬಾಕಿನ ನಟ್ಟನಡುವೆ ಕೂತರು. ಉಪ್ಪಿಟ್ಟು ಬಂತು, ಚಹಾ ಬಂತು, ಅತ್ತೆ ಬಂದು ನಮಸ್ಕಾರ ಮಾಡಿ ಹೋದಳು. ಹಿರಿಯರು ಏಳಲು ನೋಡಿದರು. ಧೋತರ ಏಳಲಿಲ್ಲ. ಮರ್ಯಾದಸ್ಥರು, ಬಾಯಿಬಿಟ್ಟು ಹೇಳಲಿಲ್ಲ. “ಇನ್ನೊಂದೀಟು ಉಪ್ಪಿಟ್ಟು ಹಾಕ್ರಿ” ಅಂದರು. ಅಡುಗೆ ಹಿಡಿಸಿತು ಅಂತ ಒಳಗೆ ಹೆಂಗಸರಿಗೆ ಖುಷಿ. ಆಮೇಲೆ ಇನ್ನೊಂದು ಚಹಾ. ಹಾಗೆ ಕೂತಲ್ಲೇ ಕೊಡೋದು-ತಗೊಳ್ಳೋದು ಮಾತಾಯಿತು, ಪಂಚಾಂಗ ತರಿಸಿ ಮುಹೂರ್ತವೂ ನಿಕ್ಕಿಯಾಯಿತು. ಕಡೆಗೆ ಕಾಕಾ ತಮ್ಮ ಧೋತರ ಕೊಟ್ಟು ಬೀಗರನ್ನು ಬಾಕಿನಿಂದ ಬಿಡಿಸಿದರು. ಬಣ್ಣದ ಕಾಲ್ಗುಣವೇ ಅಂಥದ್ದು ಅಂತ ಸಾಯುವ ತನಕ ಹೇಳುತ್ತಿದ್ದರು. ಅತ್ತೆ ಗದಗಿನಲ್ಲಿ ಸುಖವಾಗಿದ್ದಾಳೆ. ಬಣ್ಣವೂ ಗೋಡೆ ಬಿಟ್ಟು ಕದಲಿಲ್ಲ.

ಅಳಿಯ ಫೋನಿನಲ್ಲಿ ಏನೋ ನೋಡಿ, ಮರಳು ಊದಿ ಬಣ್ಣ ಹಾರಿಸುವ ಮಷೀನು ತರಿಸೋಣ ಅಂದ. ಗೌಂಡಿ ಅವನನ್ನೇ ಊದಿಬಿಡುವ ಹಾಗೆ ನೋಡಿದ. ಭಟ್ಟಿಯಲ್ಲಿ ಸುಟ್ಟ ಇಟ್ಟಂಗಿಗೆ ಹೊರಮೈಯೇ ಗಟ್ಟಿ. ಅದು ಹಾರಿಹೋದರೆ ಒಳಗಿನ ಮೆತ್ತನೆ ಭಾಗ ನೀರು ಕುಡಿದು ಉದುರುತ್ತೆ. ತಂತಿ ಬ್ರಷ್ಷೂ ಬೇಡ, ಗೀರು ಬೀಳುತ್ತೆ. ಒಣ ಬಣ್ಣವನ್ನು ಸುಮ್ನೆ ಕೆರೆಯಲೂ ಬಾರದು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಕಾಕಾ ತಂದ ಡ್ರಮ್ಮು ಅದಕ್ಕಿಂತ ಎಷ್ಟೋ ಹಳೆಯದು. ಧೂಳು ಮೂಗಿಗೆ ಹೋದರೆ ಸೀಸವೂ ಹೋದೀತು. ಹಾಗಾಗಿ ಬಣ್ಣ ಬಿಡಿಸುವ ಲೇಪ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೆತ್ತಗಾದ ಮೇಲೆ ಮೊಂಡ ಪಟ್ಟಿಯಿಂದ ಎಬ್ಬಿಸಬೇಕು. ಇಟ್ಟಂಗಿಯ ಸಣ್ಣ ಸಣ್ಣ ತೂತಿನಲ್ಲಿ ಹೊಕ್ಕದ್ದು ಆಗಲೂ ಬರುವುದಿಲ್ಲ.

ಇಷ್ಟು ಹಚ್ಚಿಕೊಟ್ಟು ಅಳಿಯ ಬೆಂಗಳೂರಿಗೆ ಹೋದ. ಅವನಿಗೆ ರಜೆ ಮುಗೀತಂತೆ. ಊರಲ್ಲಿ ಉಳಿದವರಿಗೆ ವರ್ಷವಿಡೀ ರಜೆ, ಅಲ್ವಾ! ದಿನಾ ರಾತ್ರಿ ಫೋಟೋ ಮಾತ್ರ ಕೇಳುತ್ತಾನೆ. ಗೋಡೆಯೀಗ ಅರ್ಧ ಇಟ್ಟಂಗಿ, ಅರ್ಧ ಇಂಗ್ಲಿಷ್ ಕಲರ್. ಬಂದವರೆಲ್ಲ ನಿಂತು ನೋಡುತ್ತಾರೆ, ಒಬ್ಬೊಬ್ಬರದೂ ಒಂದು ಸಲಹೆ, ಪಟ್ಟಿ ಹಿಡಿಯುವವರು ಒಬ್ಬರೂ ಇಲ್ಲ. ನಿನ್ನೆ ಪಕ್ಕದ ಮನೆಯ ಹಿರಿಯರು ಕನ್ನಡಕ ಏರಿಸಿ ಗೋಡೆ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಗಿಲಾವು ಯಾವಾಗ ಮಾಡಸ್ತೀರಿ? ರೊಕ್ಕದ ಅಡಚಣಿ ಇದ್ರ ಹೇಳ್ರಿ, ಸಂಕೋಚ ಬ್ಯಾಡ.”